ಹೊರಗಿನ ಚಾಪೆ

ನಮ್ಮೂರಿನಲ್ಲಿ ಕತೆ ಪುಸ್ತಕ ಓದುವ ಹುಡುಗಿ ಒಬ್ಬಳೇ ಒಬ್ಬಳು. ಹೆಸರು ಅಮೃತ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಊರಿಗೆಲ್ಲ ಒಬ್ಬಳೇ ಆಗಿರುವುದು ಎಂಥ ಕಷ್ಟ ಅಂತ ನನಗೆ ಗೊತ್ತಾದದ್ದು ಅವಳನ್ನು ನೋಡಿದ ಮೇಲೆ.

ನಾನು ಹೊಂಬಾಳಮ್ಮ, ಈ ಊರಿನ ಆಶಾ ಕಾರ್ಯಕರ್ತೆ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸು ಇಳಿದು, ನಾಲೆ ಏರಿಯ ಮೇಲೆ ಎಲೆಅಡಿಕೆ ಅಗಿದು ಮುಗಿಸುವಷ್ಟು ಹೊತ್ತು ನಡೆದರೆ ನಮ್ಮೂರು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳಿಗೆ ಲಸಿಕೆ ಹಾಕಿಸುವುದು, ಹೆಣ್ಣುಮಕ್ಕಳಿಗೆ ಮುಟ್ಟಿನ ಪ್ಯಾಡು ಹಂಚಿ ನಾಲ್ಕು ಬುದ್ಧಿಮಾತು ಹೇಳುವುದು ನನ್ನ ಕೆಲಸ. ಬಾಯಿ ಸ್ವಲ್ಪ ಜೋರು. ಜೋರಿಲ್ಲದಿದ್ದರೆ ಈ ಊರಲ್ಲಿ ಒಂದು ಮಗುವಿನ ಬಾಯಿಗೂ ಪೋಲಿಯೋ ಹನಿ ಬೀಳುತ್ತಿರಲಿಲ್ಲ ಬಿಡಿ.

ಅಮೃತಳ ಅಪ್ಪ ಸ್ವಾಮಿ ರೇಷ್ಮೆ ಹುಳ ಸಾಕುತ್ತಾನೆ. ಹುಳಕ್ಕೇ ಅಂತ ಬೇರೆ ಮನೆ ಕಟ್ಟಿಸುತ್ತೇನೆ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದಾನೆ, ಇನ್ನೂ ಕಟ್ಟಿಸಿಲ್ಲ. ಹಾಗಾಗಿ ನಡುಮನೆ ಹುಳದ್ದು, ಒಳಕೋಣೆಯೂ ಹುಳದ್ದು. ಜನ ಪಡಸಾಲೆಯಲ್ಲಿ ಮುದುಡಿಕೊಂಡು ಮಲಗುತ್ತಾರೆ. ಹುಳ ಚಿಕ್ಕದಿದ್ದಾಗ ಹೇಗೋ ನಡೆಯುತ್ತದೆ. ಅವು ನಾಲ್ಕು ಸಲ ಪೊರೆ ಬಿಟ್ಟು ದೊಡ್ಡವಾದ ಮೇಲೆ ತಿನ್ನುವುದಿದೆಯಲ್ಲ, ಆ ಸದ್ದು ಬೀದಿಗೆ ಕೇಳುತ್ತದೆ, ತಗಡಿನ ಮೇಲೆ ಸೋನೆ ಬಿದ್ದ ಹಾಗೆ. ಆಗ ಮನೆಯಲ್ಲಿ ಯಾರಿಗೂ ಊಟ ನಿದ್ದೆ ನೆಟ್ಟಗಿರುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು, ಕಸ ತೆಗೆಯಬೇಕು. ಎರಡು ನಿಮಿಷ ಯಾರಾದರೂ ಸುಮ್ಮನೆ ಕೂತರೆ ಅಜ್ಜಿ ದೊಡ್ಡತಾಯಮ್ಮನ ಕಣ್ಣಿಗೆ ಬೀಳುತ್ತಾರೆ.

ಅಮೃತ ಬೀಳುವುದೇ ಹೆಚ್ಚು. ಅವಳ ತಮ್ಮ ಹೇಮಂತ ಮೊಬೈಲು ಹಿಡಿದು ಕೂತರೆ, "ಮಗ ಆಟ ಆಡ್ಕತಾ ಅವ್ನೆ" ಅನ್ನುತ್ತಾರೆ. ಇವಳು ಪುಸ್ತಕ ಹಿಡಿದರೆ, "ಕೇಮೆ ಇಲ್ವೇನೆ ನಿಂಗೆ, ಎದ್ದೇಳು" ಅನ್ನುತ್ತಾರೆ. ಅವಳ ಅವ್ವ ದೇವಿರಮ್ಮ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಅವಳು ಮಾತಾಡಿದ್ದನ್ನು ನಾನು ಕೇಳಿದ್ದೇ ಅಪರೂಪ. ತಲೆಯ ಮೇಲೆ ಸೊಪ್ಪಿನ ಹೊರೆ ಇಲ್ಲದ ದೇವಿರಮ್ಮನನ್ನು ಎದುರಿಗೆ ಕಂಡರೆ ನನಗೆ ಗುರುತೇ ಸಿಗುವುದಿಲ್ಲವೇನೋ.

ಮಳವಳ್ಳಿಯ ಹೈಸ್ಕೂಲಿಗೆ ಸೇರಿದ ಮೇಲೆ ಅಮೃತಳಿಗೆ ಅಲ್ಲಿನ ಲೈಬ್ರರಿ ಸಿಕ್ಕಿತು. ಶನಿವಾರ ಸ್ಕೂಲು ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದಳು. ಒಂದು ಕಡೆ ಪೇಪರು ಓದುವ ಗಂಡಸರು, ಇನ್ನೊಂದು ಕಡೆ ಪೊಲೀಸ್ ಪರೀಕ್ಷೆಗೆ ಓದುವ ಹುಡುಗರು. ಕತೆ ಪುಸ್ತಕದ ಬೀರುಗಳ ಮುಂದೆ ಇವಳೊಬ್ಬಳೇ. ತಂದ ಪುಸ್ತಕವನ್ನು ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತೇ ಓದುತ್ತಿದ್ದಳು. ಒಂದು ಸಲ ಓದುತ್ತ ಓದುತ್ತ ನಮ್ಮ ಸ್ಟಾಪು ದಾಟಿ, ಕೆ.ಎಂ. ದೊಡ್ಡಿ ದಾಟಿ, ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಭುಜ ತಟ್ಟಿದಾಗಲೇ ತಲೆ ಎತ್ತಿದ್ದು. ಮನೆಯಲ್ಲಿ ಬಸ್ಸು ಕೆಟ್ಟಿತ್ತು ಅಂದಳು. ನನ್ನ ಹತ್ತಿರ ಮಾತ್ರ, "ಅತ್ತೆ, ಮದ್ದೂರಿಗೋಗಿದ್ದೆ, ಆದ್ರೆ ಮದ್ದೂರ್ನ ನೋಡ್ನೇ ಇಲ್ಲ" ಅಂತ ನಕ್ಕಳು.

ನಕ್ಕಿದ್ದು ಅಷ್ಟೇ. ಓದಿದ್ದನ್ನು ಹೇಳಿಕೊಳ್ಳಲು ಒಬ್ಬರು ಬೇಕಲ್ಲ, ಅದಕ್ಕೆ ಅವಳು ಎಷ್ಟು ಒದ್ದಾಡಿದಳು ಅಂತ ನಾನು ಕಂಡಿದ್ದೇನೆ. ಕ್ಲಾಸಿನ ಹುಡುಗಿಯರು, "ಲೇ, ಇದು ಎಕ್ಸಾಮ್‌ಗೆ ಬತ್ತದಾ? ಬರಾಕಿಲ್ಲ ಅಂದ್ಮೇಲೆ ಯಾಕೆ ಓದೀಯೆ?" ಅನ್ನುತ್ತಿದ್ದರು. ಕೆಟ್ಟ ಹುಡುಗಿಯರೇನಲ್ಲ, ಇವಳಿಗೆ ತಿಂಡಿ ಕೊಡುತ್ತಿದ್ದರು, ಕಿವಿ ಮಾತ್ರ ಕೊಡುತ್ತಿರಲಿಲ್ಲ. ಕನ್ನಡದ ಮೇಷ್ಟ್ರು ಒಂದು ದಿನ, ನೀವು ಓದಿದ ಪುಸ್ತಕದ ಬಗ್ಗೆ ಮಾತಾಡೋಕೆ ಒಂದು ಪೀರಿಯಡ್ಡು ಕೊಡ್ತೀನಿ ಅಂದರಂತೆ. ಇವಳು ವಾರವೆಲ್ಲ ನಾಲೆ ಏರಿಯ ಮೇಲೆ ಒಬ್ಬಳೇ ಮಾತಾಡಿಕೊಂಡು ಓಡಾಡಿದಳು. ಆ ದಿನ ಬಂದಾಗ ಮೇಷ್ಟ್ರು, "ಪಾಠ ಉಳ್ಕೊಂಡಿದೆ ಕಣ್ರಮ್ಮ, ಆಮೇಲೆ ನೋಡೋಣ" ಅಂದರು. ಆ ಆಮೇಲೆ ಬರಲೇ ಇಲ್ಲ.

ಒಂಬತ್ತನೇ ಕ್ಲಾಸಿನಲ್ಲಿ, ಕೊಕ್ಕರೆಗಳು ಮರಿ ಮಾಡಲು ಬರುವ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ದಿದ್ದರು. ಹಕ್ಕಿಗಳ ಬಗ್ಗೆ ಎಲ್ಲಿಂದಲೋ ಒಂದು ದಪ್ಪ ಪುಸ್ತಕ ಹುಡುಕಿ ಓದಿಕೊಂಡು ಹೋಗಿದ್ದಳು ಈ ತಾಯಿ. ಅಲ್ಲಿ ಎಲ್ಲರೂ ಮರಕ್ಕೆ ಬೆನ್ನು ಮಾಡಿ ನಿಂತು ಫೋಟೋ ತೆಗೆಸಿಕೊಂಡರು. ಇವಳು ಯಾರಿಗೋ ಹೇಳಹೋದರೆ, "ಸಾಲಲ್ಲಿ ನಡಿಯಮ್ಮ" ಅಂತ ಟೀಚರು ಗದರಿದರು. ಕೊನೆಗೆ ಜಗಲಿಯ ಮೇಲೆ ಕೂತಿದ್ದ ಒಬ್ಬ ಮುದುಕಿಗೆ ಹೇಳಿದಳು. ಆ ಮುದುಕಿ, "ಊಂ ಕಣವ್ವ, ಬಾಣಂತನಕ್ಕೆ ಬಂದ ಎಣ್ಮಕ್ಳು ಇವು" ಅಂದು ಅವಳ ಕೈಗೆ ಒಂದು ಹಿಡಿ ಕಡಲೆಕಾಯಿ ಹಾಕಿದಳಂತೆ. ಆ ಇಡೀ ಪ್ರವಾಸದಲ್ಲಿ ತನ್ನ ಜೊತೆ ಮಾತಾಡಿದ್ದು ಆ ಮುದುಕಿ ಒಬ್ಬಳೇ ಅಂತ ಹೇಳಿದಳು.

ಬೇರೆ ದಾರಿ ಇಲ್ಲದೆ ನನ್ನ ಮನೆಗೆ ಬಂದು ಕತೆ ಹೇಳತೊಡಗಿದಳು. ನನಗೆ ಓದಿನ ಗೀಳಿಲ್ಲ. ಪಿಯುಸಿ ಮುಗಿಸಿದ್ದೇ ದೊಡ್ಡದು. ಅವರೆಕಾಯಿ ಸುಲಿಯುತ್ತ ಹೂಂ ಹೂಂ ಅನ್ನುತ್ತಿದ್ದೆ. ಒಮ್ಮೆ ಸಮುದ್ರದ ನಡುವೆ ದೀಪದ ಕಂಬ ಕಾಯುವವನೊಬ್ಬನ ಮಗಳ ಕತೆ ಹೇಳುತ್ತಿದ್ದಳು. ಬೆಳಗ್ಗೆಯಿಂದ ಊರೆಲ್ಲ ಸುತ್ತಿ ಬಂದಿದ್ದೆ, ತೂಕಡಿಸಿಬಿಟ್ಟೆ. ಕಣ್ಣು ಬಿಟ್ಟಾಗ ಅವಳು ಕತೆ ನಿಲ್ಲಿಸಿ ನನ್ನನ್ನೇ ನೋಡುತ್ತ ಕೂತಿದ್ದಳು. ಬೇಜಾರು ತೋರಿಸಲಿಲ್ಲ. ನನ್ನ ತೊಡೆಯ ಮೇಲಿದ್ದ ಮೊರ ಎತ್ತಿಕೊಂಡು ಉಳಿದ ಕಾಯಿ ತಾನೇ ಸುಲಿದಳು.

ಇನ್ನು ಚಾಪೆಯ ವಿಷಯ. ನಮ್ಮ ಕಡೆ ಹೆಂಗಸರು ಮುಟ್ಟಾದರೆ ಹೊರಗೆ ಕೂರುವುದು ಈಗ ಬಹಳ ಮನೆಗಳಲ್ಲಿ ಇಲ್ಲ. ದೇವರ ಗೂಡಿನ ಹತ್ತಿರ ಹೋಗುವುದಿಲ್ಲ, ಅಷ್ಟೇ. ಹುಳ ಸಾಕುವ ಕೆಲವು ಮನೆಗಳಲ್ಲಿ ಮಾತ್ರ ಹೆದರಿಕೆ ಉಳಿದಿದೆ. ಮುಟ್ಟಾದವಳು ಸೊಪ್ಪು ಮುಟ್ಟಿದರೆ ಹುಳಕ್ಕೆ ಸುಣ್ಣಕಟ್ಟು ಬರುತ್ತದಂತೆ, ಬಳಪದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದು ಸಾಯುತ್ತವಂತೆ. ದೊಡ್ಡತಾಯಮ್ಮ ಇದರಲ್ಲಿ ಎಲ್ಲರಿಗಿಂತ ಬಿಗಿ. ಅವರ ಹಿತ್ತಿಲಿನಲ್ಲಿ ಎಮ್ಮೆ ಕಟ್ಟುತ್ತಿದ್ದ ತಗಡಿನ ಕೊಟ್ಟಿಗೆಯಿದೆ, ಎಮ್ಮೆ ಮಾರಿದ ಮೇಲೆ ಖಾಲಿ. ಅಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಮೂರು ದಿನ ಅಲ್ಲೇ. ಸ್ಕೂಲಿಗೆ ಹೋಗಲು ಅಡ್ಡಿಯಿಲ್ಲ, ಬಂದ ಮೇಲೆ ನೇರ ಕೊಟ್ಟಿಗೆಗೆ. ಊಟವನ್ನು ದೂರದಿಂದ ಇಟ್ಟು ಹೋಗುತ್ತಾರೆ. ಒಂದು ಕೆಲಸಕ್ಕೂ ಕರೆಯುವುದಿಲ್ಲ.

ಈ ಅನಿಷ್ಟ ಬಿಡಿಸಬೇಕೆಂದು ನಾನು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೆ. ಅಂಗನವಾಡಿಯಲ್ಲಿ ಹೆಂಗಸರನ್ನು ಕೂರಿಸಿ, ಮುಟ್ಟಿನಲ್ಲಿ ಮೈಲಿಗೆ ಏನೂ ಇಲ್ಲ ಕಣ್ರೇ, ಯಾವ ಕೆಲಸ ಬೇಕಾದರೂ ಮಾಡಬಹುದು ಕಣ್ರೇ ಅಂತ ಬಾಯಿ ಬಡಿದುಕೊಂಡೆ. ಎಲ್ಲರೂ ತಲೆ ಆಡಿಸುತ್ತಿದ್ದರು. ದೊಡ್ಡತಾಯಮ್ಮ ಪ್ಯಾಡಿನ ಪೊಟ್ಟಣ ಇಸಿದುಕೊಂಡು, "ನೀ ಏಳೋದ್ ಏಳು ಒಂಬಾಳೆ, ನನ್ ಉಳ ನಂಗೆ" ಅಂತ ಎದ್ದು ಹೋಗುತ್ತಿದ್ದಳು.

ಮೊದಲ ಸಲ ಆ ಚಾಪೆಯ ಮೇಲೆ ಕೂತಾಗ ಅಮೃತ ಅತ್ತಿದ್ದಳು, ನಾನೇ ನೋಡಿದ್ದೆ. ಮುಂದಿನ ಸಲ ಪುಸ್ತಕ ತೆಗೆದುಕೊಂಡು ಹೋದಳು. ಮೂರು ದಿನ ಯಾರೂ ಅವಳನ್ನು ಕರೆಯಲಿಲ್ಲ, ಗದರಲಿಲ್ಲ, ಎಬ್ಬಿಸಲಿಲ್ಲ. ತಗಡಿನ ಸಂದಿಯಿಂದ ಬೆಳಕು ಬೀಳುತ್ತಿತ್ತು. ಅವಳ ಬದುಕಿನಲ್ಲಿ ಅಂಥ ಸುಖ ಅದೇ ಮೊದಲು.

ಹತ್ತನೇ ಕ್ಲಾಸಿಗೆ ಬಂದ ಮೇಲೆ ಅವಳು ಮಾಡಿದ್ದು ನನಗೆ ಗೊತ್ತಾದದ್ದು ತೀರ ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಗುಟ್ಟು ಹಿಡಿದಿಡುವ ಬಾಯಿ ನನ್ನದಲ್ಲ. ಮುಟ್ಟಾಗದಿದ್ದಾಗಲೂ ಅವಳು, "ಅಜ್ಜಿ, ಒರಗಾಗಿವ್ನಿ" ಅನ್ನತೊಡಗಿದಳು. ಶನಿವಾರ ಪುಸ್ತಕ ತಂದಳು ಅಂದರೆ ಸಂಜೆಗೆ ಹೊರಗೆ. ಬಟ್ಟೆ ಒಗೆದು ಒಣಗಹಾಕುವ ಕಾಲ ಹೋಗಿ ಪ್ಯಾಡು ಬಂದ ಮೇಲೆ ಯಾರಿಗೆ ಏನು ಗೊತ್ತಾಗಬೇಕು? ಪ್ಯಾಡು ಕೊಡುತ್ತಿದ್ದವಳು ನಾನೇ. ಬೇರೆ ಹೆಂಗಸರು ತಪ್ಪಿಸಿಕೊಳ್ಳಲು ನೋಡುವ ಜಾಗಕ್ಕೆ ಈ ಹುಡುಗಿ ಸುಳ್ಳು ಹೇಳಿ ಹೋಗಿ ಕೂರುತ್ತಿದ್ದಳು.

ದೊಡ್ಡತಾಯಮ್ಮ ಓದು ಬರಹ ಬಾರದವಳು ನಿಜ, ಆದರೆ ಪೊರೆ ಬಿಡಲು ಹುಳ ಎಂದು ಮಲಗಿತು, ಎಂದು ಎದ್ದಿತು ಅಂತ ಬಾಯಲ್ಲೇ ಲೆಕ್ಕ ಇಡುವವಳು. ಒಂದು ದಿನ ನನ್ನನ್ನು ಬೇಲಿಯ ಹತ್ತಿರ ತಡೆದಳು.

"ಒಂಬಾಳೆ, ನಮ್ ಕೂಸು ಸ್ಯಾನೆ ಒರಗಾಯ್ತಾ ಅವ್ಳೆ ಕಣೆ. ತಿಂಗ್ಳಲ್ಲಿ ಉಳ ಒಂದ್ಸಲ ಗೂಡು ಕಟ್ಟೋದ್ರೊಳ್ಗೆ ಮೂರ್ ಸಲ. ರಕ್ತ ಎಲ್ಲಾ ಸೋರೋಯ್ತಾ ಅದೆ. ನೀ ಏನಾರ ಮಾಡು" ಅಂದಳು.

ಬೆಳಗಾಗುತ್ತಲೇ ಹುಡುಗಿಯನ್ನು ಮಳವಳ್ಳಿ ಆಸ್ಪತ್ರೆಗೆ ಕರೆದೊಯ್ದೆ. ರಕ್ತ ಪರೀಕ್ಷೆ ಮಾಡಿ, ಮೈಯಲ್ಲಿ ರಕ್ತ ಚೆನ್ನಾಗಿದೆಯಲ್ಲಮ್ಮ ಅಂದರು. ಮನೆಗೆ ಬಂದು ಹೇಳಿದರೆ ದೊಡ್ಡತಾಯಮ್ಮ, "ಸೋರೋಗಿ ಇಷ್ಟದೆ ಅಂದ್ರೆ, ಸೋರ್ದೆ ಇದ್ದಿದ್ರೆ ಎಷ್ಟಿರ್ಬೇಕಿತ್ತು!" ಅಂತ ಇನ್ನಷ್ಟು ಮರುಗಿದಳು. ಇವಳ ತರ್ಕಕ್ಕೆ ಏನು ಹೇಳುವುದು? ಮನೆದೇವರಿಗೆ ಮುಡಿಪು ಕಟ್ಟಿದಳು. ರಾಗಿ ಮುದ್ದೆಯ ಜೊತೆಗೆ ದಿನಾ ನುಗ್ಗೆಸೊಪ್ಪು ಮಾಡಿಸಿ, ಹುಡುಗಿ ಬೇಡ ಅಂದರೂ ಬಡಿಸಿದಳು.

ಆಮೇಲೆ ಸ್ಕ್ಯಾನಿಂಗಿಗೆ ಮದ್ದೂರಿಗೆ ಹೋದೆವು. ದಾರಿಯಲ್ಲಿ ಹುಡುಗಿ ಪುಸ್ತಕ ಬಿಡಿಸಿಕೊಂಡು ಕೂತಳು. ಸರದಿಗೆ ಕಾಯುವಾಗಲೂ ಓದಿದಳು. ಬಸ್ ಸ್ಟ್ಯಾಂಡಿನ ಪಕ್ಕ ವಡೆ ಕೊಡಿಸಿದರೆ ಎಡಗೈಯಲ್ಲಿ ಪುಸ್ತಕ, ಬಲಗೈಯಲ್ಲಿ ವಡೆ. "ಲೇ, ರೋಗಿ ಅಂದ್ರೆ ಸ್ವಲ್ಪ ಸಪ್ಪಗಾದ್ರೂ ಇರ್ಬೇಕು ಕಣೆ" ಅಂದೆ. ತಲೆ ತಗ್ಗಿಸಿದಳು. ನನಗೆ ಆಗಲೂ ಹೊಳೆಯಲಿಲ್ಲ.

ಸ್ಕ್ಯಾನಿಂಗಿನಲ್ಲೂ ಏನೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ. ಏನೂ ಇಲ್ಲ ಅಂದದ್ದೇ ಆ ಮನೆಯಲ್ಲಿ ದೊಡ್ಡ ರೋಗವಾಯಿತು.

"ಮಿಸನ್ನಿಗೂ ಸಿಗ್ದೆ ಇರೋ ಕಾಯ್ಲೆ ಅಂದ್ರೆ ಎಂಥದಿರ್ಬೇಕು!" ಅಂತ ದೊಡ್ಡತಾಯಮ್ಮ ತಲೆ ಮೇಲೆ ಕೈ ಹೊತ್ತಳು. ಕೇರಿಯ ಹೆಂಗಸರು ಬಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ತೀರ್ಮಾನವಾದದ್ದು ಇಷ್ಟು. ದಿನಾ ಬಸ್ಸಿನಲ್ಲಿ ಕುಲುಕಿಕೊಂಡು ಹೋಗುವುದರಿಂದ ಹೊಟ್ಟೆ ಅಲುಗಾಡಿದೆ, ಹಗಲೂ ರಾತ್ರಿ ಓದುವುದರಿಂದ ಮೈಗೆ ಉಷ್ಣ ಏರಿದೆ. ಎರಡೂ ನಿಲ್ಲಬೇಕು. ಸ್ಕೂಲು ಬೇಡ, ಪುಸ್ತಕ ಬೇಡ. ಸ್ವಾಮಿ ಅವಳ ಪುಸ್ತಕಗಳನ್ನೆಲ್ಲ, ಸ್ಕೂಲಿನದೂ ಲೈಬ್ರರಿಯದೂ ಸೇರಿಸಿ, ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದ.

"ಅತ್ತನೇ ಕಿಳಾಸು ಕಣೋ, ಪರೀಕ್ಷೆ ಹತ್ರ ಬಂದದೆ" ಅಂತ ನಾನು ಜಗಳಕ್ಕೇ ನಿಂತೆ.

"ಜೀವ ಇದ್ರೆ ಮುಂದಿನ್ ವರ್ಸ ಬರೀತಾಳೆ ಬುಡಕ್ಕ. ನಂಗೇನು ಆಸೆನಾ ಮಗಳ್ನ ಮನೇಲಿ ಕೂರ್ಸಕ್ಕೆ?" ಅಂದ ಸ್ವಾಮಿ. ಅವನ ಕಣ್ಣಲ್ಲಿ ನೀರಿತ್ತು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಮೃತ ನನ್ನ ಮನೆಗೆ ಓಡಿ ಬಂದಳು. "ಅತ್ತೆ, ನಂಗೇನೂ ಆಗಿಲ್ಲ ಅಂತ ಏಳತ್ತೆ" ಅಂತ ನನ್ನ ಸೆರಗು ಹಿಡಿದಳು.

"ಡಾಕ್ಟ್ರು ಏಳಿದ್ದನ್ನೇ ನಂಬ್ನಿಲ್ಲ, ನಾ ಏಳಿದ್ರೆ ನಂಬ್ತಾರಾ?" ಅಂದೆ. ಅವಳು ಸೆರಗು ಬಿಟ್ಟು ಹೊಸಿಲ ಮೇಲೆ ಕೂತಳು. ನಿಜ ಹೇಳಿದರೆ ಚಾಪೆ ಹೋಗುತ್ತದೆ, ಹೇಳದಿದ್ದರೆ ಪುಸ್ತಕವೇ ಹೋಗಿದೆ. ಹದಿನೈದು ವರ್ಷದ ಹುಡುಗಿ ಯಾವುದನ್ನು ಹಿಡಿದುಕೊಳ್ಳಬೇಕು?

ಕೊನೆಗೆ ಮಂಡ್ಯದ ದೊಡ್ಡಾಸ್ಪತ್ರೆಗೆ ತೋರಿಸುವುದು ಅಂತಾಯಿತು. ನಾನು, ದೊಡ್ಡತಾಯಮ್ಮ, ಅಮೃತ ಹೊರಟೆವು. ಕೆ.ಎಂ. ದೊಡ್ಡಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು, ಕೈಯಲ್ಲಿ ಪುಸ್ತಕವಿಲ್ಲ. ನೋಡಿದರೆ ತುಟಿ ಅಲುಗುತ್ತಿದೆ. ಏನು ಜಪ ಮಾಡುತ್ತಾಳೆ ಅಂತ ಬಗ್ಗಿ ಕೇಳಿಸಿಕೊಂಡೆ. ರಸ್ತೆ ಪಕ್ಕದ ಅಂಗಡಿ ಬೋರ್ಡುಗಳನ್ನು ಓದುತ್ತಿದ್ದಳು. ಗೊಬ್ಬರದ ಅಂಗಡಿ, ಸಿಮೆಂಟು ಅಂಗಡಿ, ಹಲ್ಲಿನ ಆಸ್ಪತ್ರೆ, ಕೋಳಿ ಅಂಗಡಿ, ಒಂದೂ ಬಿಡಲಿಲ್ಲ. ಶಿಂಷಾ ಸೇತುವೆ ಬಂದಾಗ ಓದಲು ಏನೂ ಇಲ್ಲದೆ ಸುಮ್ಮನಾದಳು. ನಾನು ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣು ಒರೆಸಿಕೊಂಡೆ.

ಆಸ್ಪತ್ರೆಯಲ್ಲಿ ಇದ್ದ ಡಾಕ್ಟರಮ್ಮ ಹಳೆಯ ರಿಪೋರ್ಟುಗಳನ್ನು ತಿರುವಿ, ಹುಡುಗಿಯ ಮುಖ ನೋಡಿ, ಅಜ್ಜಿಯನ್ನು ಹೊರಗೆ ಕೂರಲು ಹೇಳಿದರು. ಬಾಗಿಲು ಹಾಕಿ, "ಈಗ ಹೇಳಮ್ಮ, ಭಯ ಬೇಡ" ಅಂದರು. ಅಮೃತ ನನ್ನನ್ನು ನೋಡಿದಳು, ನೆಲ ನೋಡಿದಳು.

"ನಂಗೆ ತಿಂಗ್ಳಿಗೆ ಒಂದೇ ಸಲ ಆಗೋದು ಮೇಡಂ. ಮಿಕ್ಕಿದ್ದು ಸುಳ್ಳು" ಅಂದಳು.

"ಯಾಕೆ ಸುಳ್ಳು ಹೇಳ್ದೆ?"

"ಓದಾಕೆ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಹುಳ, ಕೊಟ್ಟಿಗೆ, ಚಾಪೆ ಎಲ್ಲ ನಾನು ಬಿಡಿಸಿ ಹೇಳಬೇಕಾಯಿತು, ಹೇಳುತ್ತ ಹೇಳುತ್ತ ನನಗೂ ಅರ್ಥವಾಗುತ್ತ ಹೋಯಿತು. ಡಾಕ್ಟರಮ್ಮ ಮೊದಲು ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ಅವಳ ತಲೆ ಸವರಿದರು. "ಅಜ್ಜಿಗೆ ನಾನು ಹೇಳ್ಲಾ, ನೀನೇ ಹೇಳ್ತೀಯಾ?" ಅಂದರು. ನಾನೇ ಹೇಳುತ್ತೇನೆ ಅಂದಳು ಹುಡುಗಿ. ಎದೆಗಾರಿಕೆ ಅಂದರೆ ಅದು.

ಆಸ್ಪತ್ರೆಯ ಆವರಣದ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು ಹೇಳಿದಳು. ನಾನು ಬೈಗುಳ ಬೀಳಬಹುದು, ಏಟೂ ಬೀಳಬಹುದು ಅಂತ ನಡುವೆ ಕೂತಿದ್ದೆ. ದೊಡ್ಡತಾಯಮ್ಮ ಎಲ್ಲ ಕೇಳಿಸಿಕೊಂಡಳು. ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಅಂಗಾದ್ರೆ ನಿಂಗೆ ಕಾಯ್ಲೆ ಇಲ್ಲ?"

"ಇಲ್ಲ ಅಜ್ಜಿ."

"ನನ್ನಾಣೆಗೂ?"

"ನಿನ್ನಾಣೆಗೂ ಇಲ್ಲಜ್ಜಿ."

ಮುದುಕಿ ಮರಕ್ಕೆ ಕೈ ಮುಗಿದಳು, ಆಸ್ಪತ್ರೆಗೆ ಕೈ ಮುಗಿದಳು, ನನಗೂ ಮುಗಿದಳು. ಹುಡುಗಿಯ ಕೆನ್ನೆಗೆ ಒಂದು ತಟ್ಟಿ, ತಟ್ಟಿದ ಕಡೆಯೇ ಸವರಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಎದ್ದೆ. ಅಷ್ಟರಲ್ಲಿ ಅವಳಿಗೆ ಏನೋ ಹೊಳೆಯಿತು.

"ಇರು ಇರು. ಸುಳ್ಳು ಏಳ್ದಾಗೆಲ್ಲ ಒರಗಿದ್ದೆ ಸರಿ. ನಿಜ್ವಾಗ್ಲೂ ಆದಾಗ ಏನ್ಮಾಡ್ದೆ?"

"ಆಗ್ಲೇ ಅಷ್ಟೊಂದ್ ಸಲ ಏಳ್ಬುಟ್ಟಿದ್ನಲ್ಲಜ್ಜಿ, ಮತ್ತೆ ಏಳಾಕೆ ಎದ್ರಿಕೆ ಆಯ್ತು. ಒಳ್ಗೆ ಉಳದ್ ತಾವೇ ಇದ್ದೆ. ಸೊಪ್ಪು ಹಾಕ್ತಿದ್ದೆ."

"ಯಾವಾಗ?"

"ಈ ಕಳ್ದ್ ಬೆಳೇಲಿ. ಉಳ ದೊಡ್ದಾಗಿದ್ದಾಗ."

ಆ ಬೆಳೆ ನನಗೂ ಗೊತ್ತು. ಅಂಥ ಗಟ್ಟಿ ಗೂಡನ್ನು ಅವರ ಮನೆಯಲ್ಲಿ ಹುಳ ಎಂದೂ ಕಟ್ಟಿರಲಿಲ್ಲ. ಮಾರ್ಕೆಟ್ಟಿನಲ್ಲಿ ಜನ ಕೈಗೆ ಎತ್ತಿಕೊಂಡು ಒತ್ತಿ ನೋಡಿದ್ದರು ಅಂತ ಸ್ವಾಮಿ ಊರೆಲ್ಲ ಹೇಳಿಕೊಂಡು ಬಂದಿದ್ದ. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ದೊಡ್ಡತಾಯಮ್ಮ ತನ್ನಷ್ಟಕ್ಕೆ, "ಉಳಕ್ಕೆ ಏನೂ ಆಗ್ನಿಲ್ವಲ್ಲ" ಅಂದಳು.

ಮನೆಯಲ್ಲಿ ಸ್ವಾಮಿ ಮೊದಲು ಕೂಗಾಡಿದ. ಸುಳ್ಳಿಯನ್ನು ಹೆತ್ತಿದ್ದೀಯ ಅಂತ ಹೆಂಡತಿಯ ಮೇಲೂ ಹಾರಿದ. "ಕೂಸು ನೆಟ್ಟಗವ್ಳೆ, ಅಷ್ಟ್ ಸಾಕು, ಬಾಯ್ ಮುಚ್ಲಾ" ಅಂತ ದೊಡ್ಡತಾಯಮ್ಮ ಮಗನನ್ನು ಗದರಿದಳು. ಅಟ್ಟದಿಂದ ಚೀಲ ಇಳಿಯಿತು. ಸೋಮವಾರ ಅಮೃತ ಸ್ಕೂಲಿಗೆ ಹೋದಳು. ಬಸ್ ಸ್ಟಾಪಿನವರೆಗೆ ನಾನೂ ಹೋದೆ, ಅವಳು ಕಿಟಕಿಯಿಂದ ಕೈ ಬೀಸಿದಳು. ಗೆದ್ದೆವು ಅಂದುಕೊಂಡು ಮನೆಗೆ ಬಂದು ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಮುಂದಿನ ಬೆಳೆಯ ಹುಳ ದೊಡ್ಡದಾಗಿದ್ದಾಗ ಒಂದು ಶನಿವಾರ ಮಧ್ಯಾಹ್ನ ಪ್ಯಾಡು ಕೊಡಲು ಆ ಮನೆಗೆ ಹೋದೆ. ಹಿತ್ತಿಲಿನ ಕೊಟ್ಟಿಗೆಯ ತುಂಬ ಸೊಪ್ಪು ಪೇರಿಸಿದ್ದರು, ಮೇಲೆ ಒದ್ದೆ ಗೋಣಿತಾಟು. ಆಗ ತಾನೆ ಸ್ಕೂಲಿನಿಂದ ಬಂದ ಅಮೃತ ಬ್ಯಾಗು ಇಳಿಸದೆ ಬಾಗಿಲಲ್ಲಿ ನಿಂತಿದ್ದಳು. ಕಂಕುಳಲ್ಲಿ ಒಂದು ದಪ್ಪ ಪುಸ್ತಕ.

"ಅಜ್ಜಿ, ಒರಗಾಗಿವ್ನಿ. ಈ ಸಲ ನಿಜ್ವಾಗ್ಲೂ."

"ಆದ್ರೆ ಆಯ್ತು ಬುಡು ಮಗ" ಅಂದಳು ದೊಡ್ಡತಾಯಮ್ಮ, ಬಹಳ ಪ್ರೀತಿಯಿಂದ. "ಇನ್ ಮ್ಯಾಲೆ ನಮ್ಮನೇಲಿ ಅದೆಲ್ಲ ಇಲ್ಲ. ಕೈ ಕಾಲ್ ತೊಳ್ಕಂಡು ಬಾ, ಸೊಪ್ಪು ಹಾಕು."

ಸ್ವಾಮಿ ಹೊರೆ ಇಳಿಸುತ್ತ ನನ್ನನ್ನು ನೋಡಿ ನಕ್ಕ. "ನೋಡಕ್ಕ, ನೀ ಗೆದ್ದೆ. ಆ ಗೂಡು ನೋಡಿದ್ ಮ್ಯಾಲೆ ಇನ್ನೇನದೆ? ಮೂರ್ ಜನ ಎಂಗಸ್ರು ಮನೇಲಿದ್ದೂ ಯಾವಾಗ್ಲೂ ಒಂದ್ ಕೈ ಕಮ್ಮಿ ಬೀಳೋದು. ಈಗ ಆ ತಾಪತ್ರಯ ಇಲ್ಲ."

"ಅಯ್ಯೋ ಪುಣ್ಯಾತ್ಮ, ಅವಳು ಓದ್ಕಳಕ್ಕೆ ದಿನಾ ಒಂದ್ ಗಂಟೆ ಆದ್ರೂ ಬುಡೋ" ಅಂದೆ.

"ಉಳ ಗೂಡು ಕಟ್ಲಿ, ಆಮೇಲೆ ಓದ್ಲಿ, ಯಾರ್ ಬ್ಯಾಡ ಅಂದ್ರು? ನೀನೇ ಅಲ್ವಾ ಅಂಗನವಾಡೀಲಿ ಏಳ್ತಿದ್ದಿದ್ದು, ಯಾವ್ ಕೆಲ್ಸ ಬೇಕಾದ್ರೂ ಮಾಡ್ಬೋದು ಅಂತ?"

ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಅದೇ ನನ್ನ ಸಂಕಟ. ಅಮೃತ ಪುಸ್ತಕವನ್ನು ಬ್ಯಾಗಿನೊಳಗೆ ತುರುಕಿ, ಬ್ಯಾಗನ್ನು ಮೊಳೆಗೆ ನೇತುಹಾಕಿ ಒಳಗೆ ಹೋದಳು. ಅಳಲಿಲ್ಲ. ಅತ್ತಿದ್ದರೆ ನಾನು ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದೆ.

ಅವಳ ಹಿಂದೆಯೇ ನಾನೂ ಹುಳ ಇಟ್ಟಿದ್ದ ನಡುಮನೆಯ ಬಾಗಿಲಿಗೆ ಹೋಗಿ ನಿಂತೆ. ದೇವಿರಮ್ಮ ಒಂದು ಸಾಲಿನ ಹುಳದ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು, ಮಗಳು ಪಕ್ಕದ ಸಾಲು ಹಿಡಿದಳು. ನನಗೆ ತಡೆಯಲಾಗಲಿಲ್ಲ, "ಪಾಪ ಕಣೆ, ಕೂಸಿಗೆ ಓದಾಕೆ ಇದ್ದಿದ್ದೇ ಆ ಮೂರ್ ದಿನ" ಅಂದೆ.

ದೇವಿರಮ್ಮ ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ಅವ್ಳಿಗಾದ್ರೆ ಪುಸ್ತಕ ಇತ್ತು ಕಣಕ್ಕ. ನಂಗೆ ಏನೂ ಇರ್ನಿಲ್ಲ. ಆ ಚಾಪೆ ಮ್ಯಾಲೆ ಗೋಡೆಗೊರ್ಗಿ ಸುಮ್ಕೆ ಕುಂತಿರ್ತಿದ್ದೆ. ಯಾರೂ ಕರೀತಿರ್ನಿಲ್ಲ. ತಿಂಗ್ಳೆಲ್ಲ ಅದ್ಕೇ ಕಾಯ್ತಿದ್ದೆ."

ಅಮೃತಳ ಕೈ ನಿಂತಿತು. ಅವ್ವನ ಬೆನ್ನನ್ನೇ ನೋಡುತ್ತ ನಿಂತಳು, ಅವ್ವನನ್ನು ಅವತ್ತೇ ಮೊದಲು ಕಂಡವಳ ಹಾಗೆ. ಆಮೇಲೆ ಅವಳು ಹೋಗಿ ಅವ್ವನ ಸೊಂಟದಲ್ಲಿದ್ದ ಬುಟ್ಟಿಯನ್ನು ಬಿಡಿಸಿಕೊಂಡಳು.

"ಅವ್ವಾ, ನೀ ಕುಂತ್ಕೊ ಓಗು. ನಿನ್ ಸಾಲೂ ನಾನೇ ಹಾಕ್ತೀನಿ."

ದೇವಿರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಎಲ್ಲಿ ಕೂರಲಿ ಅಂತ ಸುತ್ತ ನೋಡಿದಳು. ನಡುಮನೆಯಲ್ಲಿ ತಟ್ಟೆ, ಒಳಕೋಣೆಯಲ್ಲಿ ತಟ್ಟೆ, ಪಡಸಾಲೆಯಲ್ಲಿ ಸ್ವಾಮಿ ಇಳಿಸಿದ ಹೊರೆ, ಹಿತ್ತಿಲಿನಲ್ಲಿ ಸೊಪ್ಪು. ಕೊನೆಗೆ ಇನ್ನೊಂದು ಬುಟ್ಟಿ ಎತ್ತಿಕೊಂಡು ಮಗಳ ಪಕ್ಕದ ಸಾಲಿಗೆ ಬಂದಳು.